ಇಲಿ ತುಳಿಯುವ ಚಕ್ರ ಮತ್ತು ಕಂಪ್ಯೂಟರಿನ ಲೆಕ್ಕ

ಕಳೆದ ತಿಂಗಳು ನಮ್ಮ ಬೀದಿಯ ನ್ಯಾಯಬೆಲೆ ಅಂಗಡಿಯ ಮುಂದೆ ಬೆಳಿಗ್ಗೆ ಎಂಟಕ್ಕೇ ಸಾಲು ಬೆಳೆದಿತ್ತು. ನಾವೂ ಚೀಲ ಹಿಡಿದು ನಿಂತಿದ್ದೆವು. ರಾತ್ರಿ ಪಾಳಿ ಮುಗಿಸಿ ಮನೆಯ ಮುಖವನ್ನೂ ನೋಡದೆ ನೇರವಾಗಿ ಬಂದ ಗಿರಣಿಯ ಗೆಳೆಯರಿದ್ದರು. ಕೂಲಿಗೆ ಹೊತ್ತಾಗುತ್ತದೆಂದು ಚಡಪಡಿಸುವ ಹೆಂಗಸರಿದ್ದರು. ಒಂಬತ್ತೂವರೆಗೆ ಅಂಗಡಿಯವರು ಹೊರಗೆ ತಲೆ ಹಾಕಿ ಎರಡೇ ಶಬ್ದ ಹೇಳಿದರು: "ಸರ್ವರ್ ಡೌನ್."

ಈ ಎರಡು ಶಬ್ದಗಳು ಈಗ ಅಪ್ಪಟ ಕನ್ನಡವೇ ಆಗಿಹೋಗಿವೆ. ಎಂಬತ್ತರ ಅಜ್ಜಿಯೂ ಅರ್ಥ ಕೇಳುವುದಿಲ್ಲ, ಸುಮ್ಮನೆ ಗೋಡೆಗೊರಗಿ ಕೂರುತ್ತಾಳೆ. ಹಿಂದೆ "ಸಾಹೇಬರು ಕ್ಯಾಂಪಿಗೆ ಹೋಗಿದ್ದಾರೆ" ಎಂಬ ಮಾತು ಮಾಡುತ್ತಿದ್ದ ಕೆಲಸವನ್ನು ಈಗ ಇದು ಮಾಡುತ್ತಿದೆ. ಒಂದೇ ವ್ಯತ್ಯಾಸ. ಸಾಹೇಬರು ಕ್ಯಾಂಪಿನಿಂದ ಬಂದ ಮೇಲೆ ಅವರ ಎದುರು ನಿಂತು ಎರಡು ಮಾತು ಆಡಬಹುದಿತ್ತು. ಸರ್ವರಿನ ಎದುರು ನಿಂತವರು ನಮ್ಮ ಊರಲ್ಲಿ ಯಾರೂ ಇಲ್ಲ.

ಸಾಲಿನಲ್ಲಿ ತಾಯಿಯ ಬದಲು ನಿಂತಿದ್ದ ಕಾಲೇಜು ಹುಡುಗನೊಬ್ಬ ಆಗ ನಕ್ಕು, "ಒಳಗೆ ಹ್ಯಾಮ್ಸ್ಟರ್ ಸುಸ್ತಾಗಿರಬೇಕು, ಎರಡು ಕಾಳು ಹಾಕಿ ಓಡಿಸೋಕೆ ಹೇಳ್ರಿ" ಎಂದ. ಯಾರಿಗೂ ತಿಳಿಯಲಿಲ್ಲ. ನಮಗೂ ತಿಳಿಯಲಿಲ್ಲ. ವಿವರಿಸು ಎಂದೆವು. ಕಂಪ್ಯೂಟರಿನ ಕೆಲಸಗಾರರ ನಡುವೆ ಇದು ಹಳೆಯ ತಮಾಷೆಯಂತೆ. ಯಂತ್ರದ ಪೆಟ್ಟಿಗೆಯೊಳಗೆ ಒಂದು ಪುಟ್ಟ ಚಕ್ರ, ಚಕ್ರದೊಳಗೆ ಒಂದು ಹ್ಯಾಮ್ಸ್ಟರ್; ಅದು ಓಡಿದರೆ ಕರೆಂಟು ಹುಟ್ಟುತ್ತದೆ, ಕರೆಂಟು ಹುಟ್ಟಿದರೆ ಕಂಪ್ಯೂಟರು ನಡೆಯುತ್ತದೆ. ಯಂತ್ರ ನಿಧಾನವಾದರೆ ಹ್ಯಾಮ್ಸ್ಟರಿಗೆ ಹಸಿವು, ನಿಂತರೆ ಹ್ಯಾಮ್ಸ್ಟರು ಸತ್ತಿತು. ಸಾಲು ಹೊಟ್ಟೆ ತುಂಬ ನಕ್ಕಿತು. ಹೊಟ್ಟೆಗೆ ಬೇರೇನೂ ಬಿದ್ದಿರಲಿಲ್ಲವಲ್ಲ.

ಓದುಗ ಬಂಧುಗಳಲ್ಲಿ ಈ ಪ್ರಾಣಿಯನ್ನು ಕಾಣದವರೇ ಹೆಚ್ಚು. ಇದು ಇಲಿಯ ಬಳಗದ್ದು. ದುಂಡನೆ ಮೈ, ಬಾಲ ಇದ್ದೂ ಇಲ್ಲದಂತೆ, ಎರಡು ಕೆನ್ನೆಗಳಲ್ಲೂ ಚೀಲ. ಸಿಕ್ಕಿದ ಕಾಳನ್ನೆಲ್ಲ ಆ ಚೀಲಕ್ಕೆ ತುಂಬಿ ಬಿಲಕ್ಕೆ ಒಯ್ದು ಕೂಡಿಹಾಕುವುದು ಅದರ ಜಾಯಮಾನ. ಜರ್ಮನ್ ಭಾಷೆಯಲ್ಲಿ ದಾಸ್ತಾನು ಬಚ್ಚಿಡುವುದಕ್ಕೆ ಈ ಪ್ರಾಣಿಯ ಹೆಸರಿನಿಂದಲೇ ಒಂದು ಕ್ರಿಯಾಪದ ಹುಟ್ಟಿದೆ. (ನಮ್ಮ ಚಿಲ್ಲರೆ ಅಂಗಡಿಯ ಮಿತ್ರರು ಬೇಸರ ಮಾಡಿಕೊಳ್ಳಬಾರದು, ಆ ಮಾತು ದೊಡ್ಡ ಗೋದಾಮಿನ ದಣಿಗಳಿಗೆ.) 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞರು ಸಿರಿಯಾದ ಅಲೆಪ್ಪೊ ಊರಿನ ಹತ್ತಿರ ಗೋಧಿ ಹೊಲವೊಂದನ್ನು ಅಗೆಸಿ ತಾಯಿಯನ್ನೂ ಮರಿಗಳನ್ನೂ ಹಿಡಿದು ತಂದರು. ಇಂದು ಶ್ರೀಮಂತ ದೇಶಗಳ ಮನೆಮನೆಯಲ್ಲಿ ಗೂಡಿನಲ್ಲಿ ಸಾಕಿರುವ ಹೊಂಬಣ್ಣದ ಹ್ಯಾಮ್ಸ್ಟರುಗಳಲ್ಲಿ ಬಹುಪಾಲು ಆ ಒಂದು ಬಿಲದ ಸಂತಾನ. ಗೂಡಿನಲ್ಲಿ ಒಂದು ಚಕ್ರ ಇಟ್ಟರೆ ಅದು ರಾತ್ರಿಯೆಲ್ಲ ಹತ್ತಿ ಇಳಿದು ಮೈಲಿಗಟ್ಟಲೆ ಓಡುತ್ತದೆ, ಇದ್ದಲ್ಲೇ ಇರುತ್ತದೆ.

ನಾವು ಕೆಲವು ವರ್ಷ ಮೇಷ್ಟರಾಗಿದ್ದವರು. ಲೆಕ್ಕ ಕಂಡರೆ ಬಿಡುವ ಚಟ ಇನ್ನೂ ಬಂದಿಲ್ಲ. ಸರ್ವರು ಏಳುವ ತನಕ ಮಾಡುವುದೇನು? ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆವು.

ನೂರು ಚಿಲ್ಲರೆ ಗ್ರಾಂ ತೂಗುವ ಪ್ರಾಣಿಯ ಕಾಲಿನಿಂದ ಧಾರಾಳವಾಗಿ ಹಿಡಿದರೂ ಅರ್ಧ ವ್ಯಾಟಿಗಿಂತ ಹೆಚ್ಚು ಕೆಲಸ ಹೊರಡದು. ಮೇಜಿನ ಮೇಲಿಡುವ ಒಂದು ಸಣ್ಣ ಕಂಪ್ಯೂಟರಿಗೆ 50 ವ್ಯಾಟ್ ಬೇಕೆಂದರೆ ನೂರು ಹ್ಯಾಮ್ಸ್ಟರು ಒಟ್ಟಿಗೆ ಓಡಬೇಕು. ಅದೂ ನಿಲ್ಲದೆ. ಹಗಲು ರಾತ್ರಿ ನಡೆಯಬೇಕಾದರೆ ಮೂರು ಪಾಳಿ, ಮುನ್ನೂರು. 1946ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಗತ್ತಿಗೆ ತೋರಿಸಿದ ಎನಿಯಾಕ್ ಎಂಬ ದೊಡ್ಡ ಕಂಪ್ಯೂಟರು ಸುಮಾರು 150 ಕಿಲೋವ್ಯಾಟ್ ನುಂಗುತ್ತಿತ್ತು. ಅದಕ್ಕೆ ಒಂದು ಪಾಳಿಗೆ ಮೂರು ಲಕ್ಷ. ಈಗ ಕಟ್ಟುತ್ತಿರುವ ದತ್ತಾಂಶ ಕೇಂದ್ರಗಳಿವೆಯಲ್ಲ, ಸಾವಿರಾರು ಸರ್ವರುಗಳನ್ನು ಗೋದಾಮಿನಂತೆ ಪೇರಿಸಿಟ್ಟ ಕಟ್ಟಡಗಳು, ಅಂಥ 100 ಮೆಗಾವ್ಯಾಟಿನ ಒಂದೇ ಒಂದಕ್ಕೆ ಪಾಳಿಗೆ 20 ಕೋಟಿ, ಮೂರು ಪಾಳಿಗೆ 60 ಕೋಟಿ ಹ್ಯಾಮ್ಸ್ಟರು.

ಹೊಟ್ಟೆಯ ಮಾತೇನು? ದಿನಕ್ಕೆ 10 ಗ್ರಾಂ ಕಾಳು ಎಂದರೂ 60 ಕೋಟಿಗೆ 60 ಲಕ್ಷ ಕಿಲೋ ಆಯಿತು. 2013ರ ಆಹಾರ ಭದ್ರತಾ ಕಾಯಿದೆ ಆದ್ಯತಾ ಕುಟುಂಬದ ಒಂದು ತಲೆಗೆ ಗೊತ್ತುಮಾಡಿದ್ದು ತಿಂಗಳಿಗೆ 5 ಕಿಲೋ. ಅಂದರೆ 12 ಲಕ್ಷ ಜನರ ಒಂದು ತಿಂಗಳ ಪಡಿತರವನ್ನು ಈ ಹ್ಯಾಮ್ಸ್ಟರುಗಳು ಒಂದೇ ದಿನಕ್ಕೆ ಮುಗಿಸಿ ಕೆನ್ನೆ ಒರೆಸಿಕೊಳ್ಳುತ್ತವೆ. ಕಾಳಿನಲ್ಲಿರುವ ಶಕ್ತಿಯಲ್ಲಿ ಚಕ್ರಕ್ಕೆ ಬರುವುದು ಹತ್ತರಲ್ಲಿ ಒಂದು ಪಾಲು ಬಂದರೆ ಹೆಚ್ಚು. ಆ ಕಾಳನ್ನು ಒಲೆಗೆ ಸುರಿದು ಉರಿಸಿದರೇ ಲಾಭ. ಈ ಲೆಕ್ಕವನ್ನು ಓದಿ ಹೇಳಿದಾಗ ಒಬ್ಬ ಮುದುಕಪ್ಪ, "ನಮ್ಮ ಅಕ್ಕಿ ಎಲ್ಲಿ ಹೋಗತೈತಿ ಅಂತ ಈಗ ತಿಳೀತು ಬಿಡ್ರಿ" ಎಂದರು.

ತಮಾಷೆ ಬಿಟ್ಟು ನಿಜವಾಗಿಯೂ ಹ್ಯಾಮ್ಸ್ಟರಿನಿಂದ ವಿದ್ಯುತ್ತು ತೆಗೆದವರೂ ಇದ್ದಾರೆ. 2009ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯಲ್ಲಿ ಝಾಂಗ್ ಲಿನ್ ವಾಂಗ್ ಎಂಬ ವಿಜ್ಞಾನಿಯ ತಂಡ ಕೂದಲಿಗಿಂತ ನವುರಾದ ಸತುವಿನ ಆಕ್ಸೈಡ್ ತಂತಿಗಳನ್ನು ಒಂದು ಅಂಗಿಗೆ ಅಂಟಿಸಿ ಹ್ಯಾಮ್ಸ್ಟರಿಗೆ ತೊಡಿಸಿ ಚಕ್ರ ಹತ್ತಿಸಿತು. ಮೈ ಬಾಗಿದಾಗ ತಂತಿ ಬಾಗಿ ವಿದ್ಯುತ್ತು ಹುಟ್ಟಿತು, ವೋಲ್ಟಿನ ಹತ್ತನೆಯ ಒಂದು ಪಾಲಿನ ಆಸುಪಾಸು. ಕೈದೀಪದ ಒಂದು ಸೆಲ್ಲು ಒಂದೂವರೆ ವೋಲ್ಟು. ಅವರ ಗುರಿ ಕಂಪ್ಯೂಟರು ಓಡಿಸುವುದಾಗಿರಲಿಲ್ಲ, ಮೈಯ ಚಲನೆಯಿಂದಲೇ ನಡೆಯುವ ಸಣ್ಣ ಉಪಕರಣಗಳು. ಅದು ವಿಜ್ಞಾನದ ದಾರಿ, ನಾವು ನಗುವುದಿಲ್ಲ.

ನಾವು ನಗಬೇಕೋ ಅಳಬೇಕೋ ತಿಳಿಯದ ಕಥೆ ಇದಕ್ಕಿಂತ ಹಳೆಯದು, ಸುಮಾರು ಇನ್ನೂರು ವರ್ಷದ್ದು. ಗಿರಣಿಯ ಮಿತ್ರರು ಇದನ್ನು ಗಮನವಿಟ್ಟು ಓದಬೇಕು, ಏಕೆಂದರೆ ಇದು ನೂಲಿನ ಕಥೆ.

ಸ್ಕಾಟ್ಲೆಂಡಿನಲ್ಲಿ ಡನ್‌ಫರ್ಮ್‌ಲಿನ್ ಎಂಬುದು ನಾರುಬಟ್ಟೆ ನೇಯುವ ಮಗ್ಗಗಳಿಗೆ ಹೆಸರಾದ ಊರು. 1820ರ ಆಸುಪಾಸಿನಲ್ಲಿ ಅಲ್ಲಿ ಡೇವಿಡ್ ಹ್ಯಾಟನ್ ಎಂಬಾತ ಮನೆಯ ಇಲಿಯಿಂದ ಹೊಲಿಗೆ ದಾರ ಹೊಸೆಸುವ ಒಂದು ಪುಟ್ಟ ಗಿರಣಿ ಮಾಡಿದನೆಂದು ಆ ಕಾಲದ ಪುಸ್ತಕಗಳಲ್ಲಿ ಅಚ್ಚಾದ ವೃತ್ತಾಂತವಿದೆ. ಇಲಿ ಚಕ್ರ ತುಳಿದರೆ ದಾರ ಹುರಿಗೊಂಡು ಸುತ್ತಿಕೊಳ್ಳುತ್ತಿತ್ತು. ದಿನಕ್ಕೆ ಹತ್ತೂವರೆ ಮೈಲಿ ಓಟ, 25 ಅಂಗುಲದ ನೂರರಿಂದ ನೂರಿಪ್ಪತ್ತು ಎಳೆ. ಭಾನುವಾರವೂ ರಜೆಯಿಲ್ಲ. ಅರ್ಧ ಪೆನ್ನಿಯ ಓಟ್ಸ್ ಹಿಟ್ಟು ಒಂದು ಇಲಿಗೆ ಐದು ವಾರ ಸಾಕು. ಇಲಿ ಹಿಂದೆ ಮಾಡಿದ ಕಳ್ಳತನಕ್ಕೆ ಈಗ ಸಮಾಜಕ್ಕೆ ಪ್ರಾಯಶ್ಚಿತ್ತ ಸಲ್ಲಿಸುತ್ತಿದೆ ಎಂದು ವೃತ್ತಾಂತ ಬರೆದವರು ಚೇಷ್ಟೆ ಮಾಡಿದ್ದಾರೆ.

ಆಮೇಲೆ ಬರುತ್ತದೆ ಲೆಕ್ಕ. ಅದೇ ದಾರವನ್ನು ಕೈಯಿಂದ ಹೊಸೆಯುವ ಆ ಊರಿನ ಹೆಂಗಸರಿಗೆ ಒಂದು ಲಡಿಗೆ ಒಂದು ಪೆನ್ನಿ ಕೂಲಿ. ಆ ದರದಲ್ಲಿ ಇಲಿಯ ದುಡಿಮೆ ಐದು ವಾರಕ್ಕೆ 9 ಪೆನ್ನಿ, ವರ್ಷಕ್ಕೆ ಏಳೂವರೆ ಷಿಲಿಂಗ್. ಊಟಕ್ಕೆ ಆರು ಪೆನ್ನಿ ಕಳೆ, ಯಂತ್ರದ ಸವಕಳಿಗೆ ಒಂದು ಷಿಲಿಂಗ್ ಕಳೆ, ಇಲಿಯೊಂದಕ್ಕೆ ವರ್ಷಕ್ಕೆ 6 ಷಿಲಿಂಗ್ ನಿವ್ವಳ. ಊರಿನ ಹಳೆಯ ಇಗರ್ಜಿಯ ಖಾಲಿ ಕಟ್ಟಡವನ್ನು ಗೇಣಿಗೆ ಹಿಡಿದು ಹತ್ತು ಸಾವಿರ ಇಲಿಗಿರಣಿ ಹೂಡಬೇಕು, ನೋಡಲು ಬರುವ ಮಂದಿಗೂ ಜಾಗ ಬಿಡಬೇಕು ಎಂಬುದು ಅವನ ಯೋಜನೆ. ಗುಣಿಸಿ ನೋಡಿ, ವರ್ಷಕ್ಕೆ 3,000 ಪೌಂಡ್. ಕಟ್ಟಡ ಕೈಗೆ ಬರುವ ಮೊದಲೇ ಅವನು ತೀರಿಕೊಂಡ.

ಈ ಲೆಕ್ಕಪತ್ರವನ್ನು ನಾವು ಎರಡು ಸಲ ಓದಿದೆವು. ಇಂದಿನ ಯಾವ ಕಂಪೆನಿಯ ವರದಿಗೂ ಇದು ಕಡಿಮೆಯದಲ್ಲ. ಊಟದ ಖರ್ಚಿದೆ, ಸವಕಳಿಯಿದೆ, ನಿವ್ವಳ ಲಾಭವಿದೆ, ವಿಸ್ತರಣೆಯ ಯೋಜನೆಯಿದೆ. ಇಲ್ಲದ್ದು ಒಂದೇ. ಲಡಿಗೆ ಒಂದು ಪೆನ್ನಿ ಪಡೆಯುತ್ತಿದ್ದ ಹೆಂಗಸು ಇಲಿ ಬಂದ ಮೇಲೆ ಏನು ಉಂಡಳು ಎಂಬ ಕಲಮು ಅದರಲ್ಲಿಲ್ಲ. ಇಲಿಯ ಕೂಲಿಯನ್ನು ಅವಳ ಕೂಲಿಯಿಂದಲೇ ಅಳೆದರು, ಅಳೆದಾದ ಮೇಲೆ ಅವಳನ್ನು ಮರೆತರು.

ಹ್ಯಾಟನ್ನನ ಇಲಿ ಮುಗಿಸದ ಕೆಲಸವನ್ನು ಉಗಿಯಂತ್ರ ಮುಗಿಸಿತು. ಡನ್‌ಫರ್ಮ್‌ಲಿನ್ನಿನ ಒಬ್ಬ ಕೈಮಗ್ಗದ ನೇಕಾರ ಉಗಿಮಗ್ಗದ ಹೊಡೆತಕ್ಕೆ ದಿವಾಳಿಯಾಗಿ 1848ರಲ್ಲಿ ಹೆಂಡತಿ ಮಕ್ಕಳೊಂದಿಗೆ ಅಮೆರಿಕದ ಹಡಗು ಹತ್ತಿದ. ಅವನ ಹುಡುಗ ಅಲ್ಲಿನ ಹತ್ತಿಗಿರಣಿಯಲ್ಲಿ ವಾರಕ್ಕೆ 1 ಡಾಲರ್ 20 ಸೆಂಟಿಗೆ ಕಂಡಿಕೆ ಹುಡುಗನಾಗಿ ಸೇರಿದ. ಆ ಹುಡುಗನೇ ಮುಂದೆ ಉಕ್ಕಿನ ದೊರೆಯಾದ ಆಂಡ್ರೂ ಕಾರ್ನೆಗಿ. 1892ರಲ್ಲಿ ಹೋಮ್‌ಸ್ಟೆಡ್ ಎಂಬಲ್ಲಿ ಅವನದೇ ಕಾರ್ಖಾನೆಯ ಕೆಲಸಗಾರರು ಕೂಲಿ ಕಡಿತದ ವಿರುದ್ಧ ನಿಂತಾಗ ಬಂದೂಕಿನ ಬಾಡಿಗೆ ಕಾವಲುಗಾರರು ಅವರ ಮೇಲೆ ಬಂದರು, ಎರಡೂ ಕಡೆ ಹೆಣ ಬಿದ್ದವು. ಕಂಡಿಕೆ ಹಿಡಿದಿದ್ದ ಕೈ ಚಕ್ರದ ಹೊರಗೆ ಬಂದ ಮೇಲೆ ಎಷ್ಟು ಬೇಗ ಮರೆಯುತ್ತದೆ ನೋಡಿ.

ಇನ್ನೊಂದು ಸಂಗತಿ. ಹ್ಯಾಟನ್ನನ ಇಲಿ ಓಡುತ್ತಿದ್ದ ಆ ವರ್ಷಗಳಲ್ಲೇ ಇಂಗ್ಲೆಂಡಿನ ಸೆರೆಮನೆಗಳಲ್ಲಿ ಮನುಷ್ಯರೂ ಚಕ್ರ ತುಳಿಯತೊಡಗಿದ್ದರು. ವಿಲಿಯಂ ಕ್ಯೂಬಿಟ್ ಎಂಬ ಇಂಜಿನಿಯರು 1818ರಲ್ಲಿ ರೂಪಿಸಿದ ಈ ಚಕ್ರಕ್ಕೆ ಮೆಟ್ಟಿಲುಗಳಿದ್ದವು. ಕೈದಿಗಳು ಸಾಲಾಗಿ ನಿಂತು ದಿನಕ್ಕೆ ಹಲವು ಗಂಟೆ ಹತ್ತುತ್ತಲೇ ಇರಬೇಕು, ಮೇಲೆ ಮಾತ್ರ ಏರುವುದಿಲ್ಲ. ಕೆಲವು ಕಡೆ ಅದು ಹಿಟ್ಟು ಬೀಸುತ್ತಿತ್ತು. ಹಲವು ಕಡೆ ಏನನ್ನೂ ಬೀಸುತ್ತಿರಲಿಲ್ಲ, ಬರಿಯ ಗಾಳಿ. ದಣಿಸುವುದೇ ಉದ್ದೇಶ. 1898ರ ಕಾಯಿದೆಯ ನಂತರ ಅದು ನಿಂತಿತು. ಈಗ ಅದರ ಮೊಮ್ಮಗ ಪಟ್ಟಣದ ವ್ಯಾಯಾಮಶಾಲೆಯಲ್ಲಿದೆ, ಹಣ ಕೊಟ್ಟು ತುಳಿಯುತ್ತಾರೆ. ತುಳಿಯಲಿ ಪಾಪ, ಬೊಜ್ಜು ಕರಗಲಿ.

ನಮ್ಮಲ್ಲಿ ಗಾಣದೆತ್ತು ಇತ್ತು. ಅದರ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರು. ಇದ್ದಲ್ಲೇ ಸುತ್ತುತ್ತಿದ್ದೇನೆಂದು ಅದಕ್ಕೆ ತಿಳಿಯಬಾರದು, ಊರಿಂದ ಊರಿಗೆ ಹೋಗುತ್ತಿದ್ದೇನೆಂದು ಭ್ರಮಿಸಲಿ ಎಂದು. ಹ್ಯಾಮ್ಸ್ಟರಿಗೆ ಆ ಬಟ್ಟೆಯೂ ಬೇಡ, ತಾನಾಗಿಯೇ ಹತ್ತುತ್ತದೆ ಎಂದು ಸಾಕಿದವರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. 2014ರಲ್ಲಿ ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದವರು ಬಯಲಿನಲ್ಲಿ, ಗೂಡಿಲ್ಲದ ಕಡೆ ಒಂದು ಚಕ್ರವಿಟ್ಟು ಮರೆಯಿಂದ ಚಿತ್ರ ತೆಗೆದ ಫಲವನ್ನು ಪ್ರಕಟಿಸಿದರು. ಕಾಡಿನ ಇಲಿಗಳು ತಾವಾಗಿಯೇ ಬಂದು ಚಕ್ರ ಹತ್ತಿ ಓಡಿದವು. ಕಪ್ಪೆ ಬಂದು ಹತ್ತಿತು. ಗೊಂಡೆಹುಳು ಸಹ ಬಂದು ಹತ್ತಿತು!

ಗಿರಣಿಯ ಮಾಲೀಕರಿಗೆ ಈ ಸುದ್ದಿ ಮುಟ್ಟಿದರೆ ಬಲು ಸಂತೋಷಪಟ್ಟಾರು. ದುಡಿಯುವವನಿಗೆ ದುಡಿಮೆಯೇ ಆನಂದ, ಗಂಟೆ ಎಣಿಸುವವರು ಈ ಸಂಘದವರು ಮಾತ್ರ, ಎನ್ನಬಹುದು. ಆದರೆ ಲೈಡನ್ನಿನ ಇಲಿ ಬಯಲಿನ ಇಲಿ. ಬೇಕೆಂದಾಗ ಹತ್ತಿತು, ಸಾಕೆನಿಸಿದಾಗ ಇಳಿದು ಹುಲ್ಲಿನಲ್ಲಿ ಮರೆಯಾಯಿತು. ಅದರ ಓಟವನ್ನು ಯಾರೂ ಎಳೆಯಾಗಿ ಸುತ್ತಿಕೊಳ್ಳಲಿಲ್ಲ. ಹತ್ತುವ ವಿಷಯದಲ್ಲಿ ನಮ್ಮ ತಕರಾರಿಲ್ಲ. ಕೆಲಸದ ಮೋಹ ಮನುಷ್ಯನಿಗೂ ಇದೆ, ಮಗ್ಗದ ಮುಂದೆ ಹೊತ್ತು ಮರೆತವರನ್ನು ನಾವು ಬಲ್ಲೆವು. ಇಳಿಯುವ ಹೊತ್ತನ್ನು ಯಾರು ಗೊತ್ತುಮಾಡುತ್ತಾರೆ ಎಂಬುದೇ ಎಂಟು ಗಂಟೆಯ ದುಡಿಮೆಗಾಗಿ ನಡೆದ ಹೋರಾಟದ ತಿರುಳು. 2023ರಲ್ಲಿ ನಮ್ಮ ರಾಜ್ಯದ ವಿಧಾನಮಂಡಲ ಕಾರ್ಖಾನೆ ಕಾಯಿದೆಯನ್ನು ತಿದ್ದಿ ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯ ತನಕ ದುಡಿಸಲು ದಾರಿ ಮಾಡಿತು. 2024ರ ಜುಲೈಯಲ್ಲಿ ಕಂಪ್ಯೂಟರಿನ ಕೆಲಸಗಾರರನ್ನು 14 ಗಂಟೆ ದುಡಿಸುವ ಪ್ರಸ್ತಾಪ ಬೆಂಗಳೂರಿನಲ್ಲಿ ಎದ್ದಿತು. ಆ ಕೆಲಸಗಾರರ ಸಂಘ ಬೀದಿಗೆ ಇಳಿಯಿತು. ಕುರ್ಚಿಯ ಮೇಲೆ ತಂಪಿನಲ್ಲಿ ಕೂತು ದುಡಿಯುವ ಹುಡುಗರಿಗೆ ಸಂಘವೇಕೆ ಎಂದು ಕೇಳುತ್ತಿದ್ದ ನಮ್ಮವರು ಕೆಲವರಿದ್ದರು. ಹ್ಯಾಮ್ಸ್ಟರಿನ ತಮಾಷೆಯನ್ನು ಕಟ್ಟಿದವರು ಆ ಹುಡುಗರ ಕಸುಬಿನವರೇ ಎಂಬುದು ನೆನಪಿರಲಿ. ಯಾರ ಮೇಲೆ ಕಟ್ಟಿಕೊಂಡಿದ್ದಾರು?

ಅಂದಮೇಲೆ ಪೆಟ್ಟಿಗೆಯೊಳಗೆ ಓಡುತ್ತಿರುವುದು ಯಾರು? ಕಂಪ್ಯೂಟರ್ ಎಂಬ ಶಬ್ದವೇ ಯಂತ್ರ ಬರುವ ಮೊದಲು ಲೆಕ್ಕ ಹಾಕುವ ಮನುಷ್ಯನಿಗೆ ಇದ್ದ ಹೆಸರು. ಮೇಲೆ ಹೇಳಿದ ಎನಿಯಾಕಿಗೆ ಲೆಕ್ಕ ಹೂಡಿ ನಡೆಸಿದವರು ಆರು ಮಂದಿ ಹೆಂಗಸರು. ಬಹಳ ಕಾಲ ಅವರ ಹೆಸರನ್ನು ಯಾರೂ ಎತ್ತಲಿಲ್ಲ. ಈಗ ಮನುಷ್ಯರಂತೆ ಮಾತಾಡುವ ಯಂತ್ರಗಳು ಬಂದಿವೆ. ಆ ಯಂತ್ರಕ್ಕೆ ಯಾವ ಮಾತು ಹೊಲಸು, ಯಾವುದು ಕ್ರೌರ್ಯ ಎಂದು ಕಲಿಸಲು ಕೀನ್ಯಾ ದೇಶದ ಕೆಲಸಗಾರರು ಗಂಟೆಗೆ ಎರಡು ಡಾಲರಿಗೂ ಕಡಿಮೆ ಕೂಲಿಗೆ ದಿನವಿಡೀ ಅಂಥ ಹೊಲಸನ್ನೇ ಓದಿ ಗುರುತು ಹಾಕಿದರೆಂದು 2023ರ ಜನವರಿಯಲ್ಲಿ ಅಮೆರಿಕದ ಟೈಮ್ ಪತ್ರಿಕೆ ಬರೆಯಿತು. ಯಂತ್ರ ತಾನೇ ಕಲಿಯಿತು ಎಂದು ಜಾಹೀರಾತು.

ವಿದ್ಯುತ್ತಿನ ಕಥೆ ಬೇರೆಯೇನಲ್ಲ. ದತ್ತಾಂಶ ಕೇಂದ್ರಗಳು 2024ರಲ್ಲಿ ಜಗತ್ತಿನಾದ್ಯಂತ ಸುಮಾರು 41,500 ಕೋಟಿ ಯೂನಿಟ್ ಉರಿಸಿದವೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಅಂದಾಜು ಮಾಡಿದೆ, ಪ್ರಪಂಚದ ಒಟ್ಟು ಬಳಕೆಯಲ್ಲಿ ನೂರಕ್ಕೆ ಒಂದೂವರೆ. 2030ಕ್ಕೆ ಅದು ಎರಡು ಪಟ್ಟನ್ನೂ ಮೀರುತ್ತದಂತೆ. ಅಷ್ಟನ್ನು ಹುಟ್ಟಿಸಲು ಯಾರೋ ಕಲ್ಲಿದ್ದಲು ಅಗೆಯಬೇಕು, ಯಾರದೋ ಹೊಲ ಮುಳುಗಬೇಕು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು 92 ಮೈಲಿ ತಂತಿಯ ಮೇಲೆ ನಡೆದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ಹಳ್ಳಿಯ ಮನೆಗೆ ಎಷ್ಟೋ ದಶಕಗಳ ಮೇಲೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ಗದ್ದೆ ತೋಟ ಬಿಟ್ಟೆದ್ದವರು ಹೊಸ ಜಾಗದ ಹಕ್ಕುಪತ್ರಕ್ಕಾಗಿ ಒಂದು ತಲೆಮಾರು ಕಳೆದರೂ ಕಚೇರಿ ಅಲೆದರು. ಅವರ ಮೊಮ್ಮಕ್ಕಳು ಅದೇ ವಿದ್ಯುತ್ತಿನಿಂದ ನಡೆಯುವ ಯಂತ್ರದ ಮುಂದೆ ಅರ್ಜಿ ಹಿಡಿದು ನಿಂತಿರಬಹುದು. ಸರ್ವರ್ ಡೌನ್.

ಸಾಲಿಗೆ ಹಿಂದಿರುಗೋಣ. ಮಧ್ಯಾಹ್ನ ಎರಡರ ಹೊತ್ತಿಗೆ ಸರ್ವರು ಎದ್ದಿತು. ಸಾಲಿನಲ್ಲಿ ಅರ್ಧ ಜನ ಉಳಿದಿದ್ದರು. ರಾತ್ರಿ ಪಾಳಿಯವರು ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದರು. ನಮ್ಮ ಮುಂದಿದ್ದ ಹೆಂಗಸು ಮೂವತ್ತು ವರ್ಷ ಬೀಡಿ ಕಟ್ಟಿದವಳು. ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟಳು, ಕೆಂಪು ದೀಪ. ಒರೆಸಿ ಇಟ್ಟಳು, ಕೆಂಪು. ತೋರುಬೆರಳು, ಕೆಂಪು. ಎಡಗೈ, ಕೆಂಪು. ಎಲೆ ಉಜ್ಜಿ ಉಜ್ಜಿ ಬೆರಳಿನ ಗೆರೆ ಸವೆದುಹೋಗಿವೆ. ಗಾರೆ ಕಲಸುವವರದೂ ಇದೇ ಪಾಡು. ದುಡಿದ ಗುರುತೇ ಯಂತ್ರಕ್ಕೆ ಗುರುತಾಗುವುದಿಲ್ಲ. "ನಾನು ನಾನೇ ಅಲ್ಲವಂತೆ ನೋಡ್ರಿ" ಎಂದು ಅವಳು ನಮ್ಮ ಕಡೆ ತಿರುಗಿ ಅಂದಳು. ನಗಲಿಲ್ಲ.

ಅಂಗಡಿಯವರ ಮೇಲೆ ಸಾಲು ರೇಗಿತು. ಅವರ ಪರವಾಗಿ ನಾವು ಒಂದು ಮಾತು ಹೇಳಲೇಬೇಕು. ಅವರು ಕ್ವಿಂಟಲಿಗಿಷ್ಟು ಎಂದು ಕಮಿಷನ್ ತಿನ್ನುವ ಸಣ್ಣ ವ್ಯಾಪಾರಿ. ಯಂತ್ರ ಏಳದ ದಿನ ಅವರಿಗೂ ದುಡಿಮೆಯಿಲ್ಲ, ಬೈಗುಳ ಮಾತ್ರ. ಪುಸ್ತಕದಲ್ಲಿ ಬರೆದು ಕೊಡಿ ಎಂದರೆ ಮೇಲಿನವರು ಒಪ್ಪುವುದಿಲ್ಲ ಎಂದರು. ಇಪ್ಪತ್ತು ವರ್ಷದಿಂದ ಆ ಹೆಂಗಸನ್ನು ಹೆಸರು ಹಿಡಿದು ಕರೆಯುವ ಮನುಷ್ಯ, ಅವಳು ಅವಳೇ ಹೌದು ಎನ್ನಲು ಅಧಿಕಾರವಿಲ್ಲದೆ ತಲೆ ತಗ್ಗಿಸಿ ಕೂತಿದ್ದರು.

ಮಾರನೆಯ ದಿನ ನಾವು ಹನ್ನೊಂದು ಮಂದಿ ಕಚೇರಿಗೆ ಹೋದೆವು. ಕಾಲೇಜಿನ ಹುಡುಗನೂ ಬಂದ. ಎರಡು ಮಾತು ಬರೆದು ಕೊಟ್ಟೆವು. ಯಂತ್ರ ಒಂದು ಗಂಟೆಗಿಂತ ಹೆಚ್ಚು ನಿಂತ ದಿನ ಪುಸ್ತಕದಲ್ಲಿ ರುಜು ಪಡೆದು ಧಾನ್ಯ ಕೊಡತಕ್ಕದ್ದು; ಬೆರಳು ಸವೆದವರ ಪಟ್ಟಿಯನ್ನು ಬೀದಿವಾರು ಮಾಡಿ ನೆರೆಯ ಇಬ್ಬರ ಸಾಕ್ಷಿಯ ಮೇಲೆ ಕೊಡತಕ್ಕದ್ದು. ಅರ್ಜಿ ತೆಗೆದುಕೊಂಡ ಗುಮಾಸ್ತೆ ಸ್ವೀಕೃತಿಯ ಚೀಟಿ ಕೇಳಿದಾಗ ಕಂಪ್ಯೂಟರಿನ ಕಡೆ ನೋಡಿ ತಡವರಿಸಿದರು. ಹುಡುಗ ಬಾಯಿ ತೆರೆಯುವುದರಲ್ಲಿದ್ದ, ನಾವು ತಡೆದೆವು. ಗುಮಾಸ್ತೆ ಕೊನೆಗೆ ಕೈಯಿಂದಲೇ ಬರೆದು, ಮೊಹರು ಒತ್ತಿ ಕೊಟ್ಟರು. ಚೀಟಿ ನಮ್ಮ ಕಚೇರಿಯಲ್ಲಿದೆ. ಬೆರಳು ಸವೆದವರು ಪಡಿತರ ಚೀಟಿಯೊಂದಿಗೆ ಭಾನುವಾರ ಸಂಜೆ ಅಲ್ಲಿಗೆ ಬಂದು ಹೆಸರು ಬರೆಸಬೇಕು. ಈ ತನಕ ನಲವತ್ತಮೂರು ಹೆಸರು ಬಂದಿವೆ.